ಕಿಟಕಿಗೆ ಅಡ್ಡ ಒಂದು ಮರ

ಮರ ಬಿದ್ದ ದಿನ ಹಲ್ಲಕ್ಕ ಅತ್ತಳು. ಮರಕ್ಕಾಗಿ ಅಲ್ಲ. ಆ ನೀಲಗಿರಿಯನ್ನು ಅವಳು ಎಂದೂ ಅಷ್ಟಾಗಿ ಹಚ್ಚಿಕೊಂಡವಳಲ್ಲ. ವರ್ಷವಿಡೀ ಎಲೆ ಉದುರಿಸಿ ಗುಡಿಸುವ ಕೆಲಸ ಗಂಟು ಹಾಕುತ್ತಿದ್ದ ಅದಕ್ಕೆ ಬೈದದ್ದೇ ಹೆಚ್ಚು. ಅತ್ತದ್ದು ಹಿತ್ತಿಲಿನ ಮಾನ ಹೋಯಿತಲ್ಲ ಎಂದು. ಮರಳುಗಾಳಿ ಎದ್ದ ಮಧ್ಯಾಹ್ನ ಮರ ಬುಡಸಮೇತ ಕಿತ್ತುಕೊಂಡು ಗೋಡೆಯುದ್ದಕ್ಕೂ ಮಲಗಿಬಿಟ್ಟಿತು. ಗಾಳಿ ನಿಂತ ಮೇಲೆ ಬಾಗಿಲು ತೆಗೆದು ನೋಡಿದರೆ ಹಿತ್ತಿಲು ಹಿತ್ತಿಲಾಗಿ ಉಳಿದಿರಲಿಲ್ಲ, ನಾಟಕದ ಸ್ಟೇಜಾಗಿತ್ತು. ಹಿಂದಿನ ಮನೆಯ ಮಹಡಿಯ ಕಿಟಕಿ ನೇರವಾಗಿ ಅವಳ ನೆತ್ತಿಯ ಮೇಲೆ ಕಣ್ಣು ಬಿಟ್ಟುಕೊಂಡು ನಿಂತಿತ್ತು.

ಹಲ್ಲಕ್ಕ ಎಂದರೆ ಉಬ್ಬುಹಲ್ಲಿನವಳು ಎಂದುಕೊಳ್ಳಬೇಡಿ, ಅವಳ ಹಲ್ಲು ಒಪ್ಪವಾಗಿಯೇ ಇವೆ. ಅವಳು ಹಲ್ಲಿನ ಸೆಟ್ಟು ಮಾಡುವವಳು. ಊರಿನ ದಂತವೈದ್ಯರು ರೋಗಿಗಳ ದವಡೆಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆಯ ಪಡಿಯಚ್ಚು ತೆಗೆಯುತ್ತಾಳೆ, ಅದರ ಮೇಲೆ ಮೇಣದಲ್ಲಿ ಹಲ್ಲು ಕೂರಿಸುತ್ತಾಳೆ, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಒಸಡು ತುಂಬಿ ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು, ಅದೇ ಡಬ್ಬಿಯಲ್ಲಿ ವಾಪಸು ಕಳಿಸುತ್ತಾಳೆ. ಊರಿನ ಅರ್ಧ ಜನರ ನಗು ಇವಳ ಮೇಜಿನಿಂದ ಹೊರಟದ್ದು. ಆದರೆ ಆ ನಗುವವರಲ್ಲಿ ಒಬ್ಬರೂ ಇವಳ ಮನೆಯ ಮೆಟ್ಟಿಲು ಹತ್ತಿದವರಲ್ಲ. ಡಬ್ಬಿ ಬರುತ್ತದೆ, ಡಬ್ಬಿ ಹೋಗುತ್ತದೆ, ಅಷ್ಟೇ ಅವಳ ಲೋಕವ್ಯವಹಾರ.

ಹಿತ್ತಿಲೆಂದರೆ ನಾಲ್ಕು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ನೆಲಕ್ಕೆ ಜಲ್ಲಿ, ಮೂರು ಕಡೆ ಆಳೆತ್ತರದ ಗೋಡೆ, ಮೂಲೆಯಲ್ಲೊಂದು ನಲ್ಲಿ, ಬಟ್ಟೆಯ ತಂತಿ. ಬೀದಿ ದಾಟಿದರೆ ಮರುಭೂಮಿ ಶುರು. ಮನೆಯೊಳಗೆ ಪ್ಲಾಸ್ಟರ್ ಕೆರೆದರೆ ಪುಡಿ ಅನ್ನದ ಪಾತ್ರೆಯವರೆಗೂ ಹೋಗಿ ಕೂರುತ್ತದೆ. ಹಾಗಾಗಿ ಬಿಸಿಲು ಇಳಿದ ಮೇಲೆ ಸಾಯಂಕಾಲ ಹಿತ್ತಿಲಿನಲ್ಲಿ ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕುಳಿತು ದವಡೆಗಳ ಅಂಚು ಕೆರೆಯುವುದು ಅವಳ ಪದ್ಧತಿ. ಅಮ್ಮ ಬದುಕಿದ್ದಾಗ ಎದುರಿಗೆ ಅಮ್ಮ ಕೂರುತ್ತಿದ್ದಳು. ಮರ ನೆಡಿಸಿದ್ದೂ ಅಮ್ಮನೇ. ಜಗತ್ತಿನಲ್ಲಿರುವ ಕಿಟಕಿಗಳನ್ನೆಲ್ಲ ತನ್ನನ್ನು ನೋಡುವುದಕ್ಕೇ ಇಟ್ಟಿದ್ದಾರೆ ಎಂಬ ಗುಮಾನಿ ಅವಳಿಗೆ. ಹಿಂದಿನ ಚಳಿಗಾಲ ಅಮ್ಮ ಹೋದಳು. ಅವತ್ತಿನಿಂದ ಹಲ್ಲಕ್ಕ ಸಾಯಂಕಾಲ ಒಬ್ಬಳೇ ಕುಳಿತು, ಹಲ್ಲಿಲ್ಲದ ದವಡೆಗಳ ಜೊತೆ ಮಾತಾಡುವ ಮಟ್ಟಕ್ಕೆ ಬಂದಿದ್ದಳು. ಒಂಟಿತನ ಎಂಬ ಮಾತನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ. ಅವಳ ಪರವಾಗಿ ಇಲ್ಲೇ ಹೇಳಿಬಿಡುವುದು ವಾಸಿ: ತುಂಬ ಒಂಟಿಯಾಗಿದ್ದಳು.

ಬೇರೆ ಊರಿನಲ್ಲಿರುವ ತಂಗಿ ಫೋನಿನಲ್ಲೇ ಎಲ್ಲ ಕಾರುಬಾರು ನಡೆಸುವವಳು. ಮರ ಬಿದ್ದ ಸುದ್ದಿ ಕೇಳಿದ್ದೇ ಶುರು ಹಚ್ಚಿದಳು.

"ನಾಳೇನೇ ಹೋಗಿ ಒಂದು ಗಿಡ ತಂದು ನೆಡು. ಹೆಂಗಸು ಒಬ್ಳೇ ಇರೋ ಮನೆ, ಮೇಲಿಂದ ಯಾರೋ ನೋಡ್ತಾ ಕೂತ್ಕೊಂಡ್ರೆ ಚೆನ್ನಾಗಿರತ್ತಾ?"

"ನೋಡೋಕೆ ನನ್ನಲ್ಲೇನಿದೆ ಅಂತ? ಪ್ಲಾಸ್ಟರ್ ಮೆತ್ಕೊಂಡಿರೋ ಮುದುಕಿ."

"ನೀನು ನನಗಿಂತ ಎರಡೇ ವರ್ಷ ದೊಡ್ಡೋಳು. ನಿನ್ನ ಜೊತೆ ನನ್ನನ್ನೂ ಸೇರಿಸಿ ಮುದುಕಿ ಮಾಡ್ಬೇಡ," ಎಂದು ತಂಗಿ ಫೋನಿಟ್ಟಳು.

ಮರುದಿನ ನರ್ಸರಿಯವನು ಬಂದ. ಬಿದ್ದ ಮರ ಕಡಿದು ಸಾಗಿಸುವುದಕ್ಕೆ ಕರೆಸಿದ್ದು. ಆದರೆ ಅವನು ಕೊಡಲಿಗಿಂತ ನಾಲಿಗೆಯನ್ನೇ ಹೆಚ್ಚು ಆಡಿಸುವ ಆಸಾಮಿ. ಬುಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬೇರುಗಳನ್ನು ಕಾಲಿನಿಂದ ಮುಟ್ಟಿ ನೋಡಿದ. ಬೇರುಗಳೆಲ್ಲ ಚಾಪೆಯ ಹಾಗೆ ಮೇಲೆಮೇಲೆಯೇ ಹರಡಿದ್ದವು.

"ದಿನಾ ಒಂದೊಂದು ಚೊಂಬು ನೀರು ಹಾಕಿದೀರ ಅಲ್ವಾ ಇದಕ್ಕೆ?"

"ಅಮ್ಮ ಹಾಕ್ತಿದ್ರು."

"ಅದಕ್ಕೇ ಮತ್ತೆ. ಬಾಯಿ ಹತ್ರಾನೇ ನೀರು ಸಿಕ್ರೆ ಬೇರು ಯಾಕೆ ಕೆಳಗೆ ಇಳಿಯತ್ತೆ ಹೇಳಿ. ಅಪರೂಪಕ್ಕೆ ಹಾಕ್ಬೇಕು, ಹಾಕಿದಾಗ ತುಂಬಾ ಹಾಕ್ಬೇಕು. ಮುದ್ದು ಮಾಡಿ ಮಾಡಿ ಮರಾನ ಮನೆಯಲ್ಲೇ ಕೂರಿಸ್ಬಿಟ್ಟಿದೀರ."

ಮುದ್ದಿನಿಂದ ಮನೆಯಲ್ಲೇ ಕೂತುಹೋದವಳು ಅವನ ಎದುರಿಗೇ ನಿಂತಿದ್ದಳು. ಅವಳಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಅವನು ಪಾಪ, ಮರದ ವಿಷಯವನ್ನಷ್ಟೇ ಹೇಳಿದ್ದ.

ಹೊಸ ಗಿಡ ಯಾವುದು ಬೇಕು ಎಂಬ ಮಾತಿಗೆ ನರ್ಸರಿಯವನು ಗಂಡು ತೋರಿಸುವ ದಲ್ಲಾಳಿಯೇ ಆಗಿಬಿಟ್ಟ. ಕಣಗಿಲೆ ಇದೆ, ಬಿಸಿಲಿಗೆ ಬಗ್ಗೋದಿಲ್ಲ, ವರ್ಷವಿಡೀ ಮೈತುಂಬ ಎಲೆ. ಬೇವಿದೆ, ದೊಡ್ಡ ಮನೆತನ. ಆಲಿವ್ ಇದೆ, ನಿಧಾನಸ್ಥ, ಆದರೆ ನೂರು ವರ್ಷ ಬಾಳುವಂಥದ್ದು. ಸೈಪ್ರೆಸ್ ಇದೆ, ನೆಟ್ಟಗೆ ನಿಲ್ಲುತ್ತೆ, ಅಕ್ಕಪಕ್ಕದವರ ತಂಟೆಗೆ ಹೋಗಲ್ಲ. ಹಲ್ಲಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಯೋಚನೆ ಮಾಡಿ ವಾರದೊಳಗೆ ಹೇಳುತ್ತೇನೆ ಎಂದಳು. ನಿಜಕ್ಕೂ ವಾರದೊಳಗೆ ಹೇಳುವ ಮನಸ್ಸೇ ಇತ್ತು.

ಅವತ್ತು ಸಾಯಂಕಾಲ ತಲೆಗೊಂದು ಬಟ್ಟೆ ಕಟ್ಟಿಕೊಂಡು, ಕಿಟಕಿಗೆ ಬೆನ್ನು ಹಾಕಿ ಕುಳಿತು ಕೆಲಸ ಮಾಡಿದಳು. ಬೆನ್ನಿಗೂ ಕಣ್ಣಿರುತ್ತದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಕೆಲಸ ಮುಗಿಸಿ, ಎದ್ದುನಿಂತು, ಮಡಿಲಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಫಡಫಡ ಕೊಡವಿದಳು. ಬಿಳಿಪುಡಿ ಮೋಡದ ಹಾಗೆ ಎದ್ದಿತು. ಅದೇ ಹೊತ್ತಿಗೆ ಮೇಲಿನಿಂದಲೂ ಫಡಫಡ ಎಂದು ಸದ್ದಾಯಿತು. ತಲೆ ಎತ್ತಿದರೆ ಕಿಟಕಿಯಲ್ಲೊಬ್ಬ ಗಂಡಸು ತನ್ನ ಏಪ್ರನ್ನನ್ನು ಹೊರಗೆ ಚಾಚಿ ಕೊಡವುತ್ತಿದ್ದಾನೆ, ಅದರಿಂದಲೂ ಬಿಳಿಪುಡಿ ಉದುರುತ್ತಿದೆ. ಅವನು ಬೇಕರಿಯ ಒಲೆಯ ಕೆಲಸದವನು. ಬೆಳಕು ಹರಿಯುವ ಮುಂಚೆ ಹೋಗಿ, ಬ್ರೆಡ್ಡೆಲ್ಲ ಸುಟ್ಟು, ಬಿಸಿಲೇರುವ ಹೊತ್ತಿಗೆ ಬಂದು ಮಲಗಿ, ಸಾಯಂಕಾಲ ಎದ್ದು ಮನೆಯಲ್ಲೇ ಮರುದಿನದ ಹಿಟ್ಟು ನಾದಿಡುವವನು. ಅವನದು ಹಿಟ್ಟು, ಇವಳದು ಪ್ಲಾಸ್ಟರ್. ಇಬ್ಬರೂ ಮೊಣಕೈವರೆಗೆ ಬೆಳ್ಳಗೆ. ಅವನು ತನ್ನ ತೋಳನ್ನೊಮ್ಮೆ ನೋಡಿಕೊಂಡ, ಇವಳ ತೋಳನ್ನೊಮ್ಮೆ ನೋಡಿದ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಹಲ್ಲಕ್ಕನಿಗೂ ನಗು ತಡೆಯಲಾಗಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, ತಾನು ಎಷ್ಟೋ ತಿಂಗಳ ನಂತರ ಇನ್ನೊಬ್ಬರ ಎದುರು ನಕ್ಕೆ ಎಂಬುದು ಹೊಳೆದು, ನೀರು ಕುಡಿಯುತ್ತ ಅಡುಗೆಮನೆಯಲ್ಲಿ ಸುಮ್ಮನೆ ನಿಂತಳು.

ವಾರದ ಕೊನೆಗೆ ನರ್ಸರಿಗೆ ಹೋದಳು. ಕಣಗಿಲೆಯ ಮುಂದೆ ನಿಂತು, "ಇದರ ಮೈಯೆಲ್ಲ ವಿಷ ಅಂತಾರಲ್ಲ," ಎಂದಳು.

"ತಿಂದ್ರೆ ವಿಷ. ನೀವೇನು ತಿಂತೀರಾ?"

"ಆದ್ರೂ ಮನೇಲಿ ವಿಷ ಇಟ್ಕೊಳ್ಳೋದು ಹೇಗೆ?" ಎಂದು ಬಂದುಬಿಟ್ಟಳು. ಮುಂದಿನ ಸಲ ಹೋದಾಗ ಬೇವು ಬೇಡವಾಯಿತು, ಅದರ ಬೇರು ಗೋಡೆ ಒಡೆಯುತ್ತದಂತೆ. ಸೈಪ್ರೆಸ್ ಗೋರಿಗಳ ಪಕ್ಕ ನೆಡುವ ಮರ, ನೋಡಿದರೆ ಸ್ಮಶಾನದ ನೆನಪಾಗುತ್ತದೆ ಎಂದಳು. ಬಿದಿರಿಗೆ ನೀರು ಜಾಸ್ತಿ, ಜಾಲಿಗೆ ಮುಳ್ಳು, ದಾಳಿಂಬೆಗೆ ಹಕ್ಕಿ ಬರುತ್ತವೆ. "ಹಕ್ಕಿ ಬಂದ್ರೆ ಏನಕ್ಕಾ ತೊಂದ್ರೆ?" ಎಂದು ನರ್ಸರಿಯವನು ತಲೆ ಕೆರೆದುಕೊಂಡ. ಹೀಗೆ ಮೀನಮೇಷ ಎಣಿಸುವ ಗಿರಾಕಿಯನ್ನು ಅವನು ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಆಲಿವ್ ಒಂದಕ್ಕೆ ಮಾತ್ರ ಅವಳು ಅರೆಮನಸ್ಸಿನಿಂದ ತಲೆಯಾಡಿಸಿದ್ದಳು. ಅದು ಆಳೆತ್ತರ ಆಗುವುದಕ್ಕೇ ವರ್ಷಗಟ್ಟಲೆ ಬೇಕು ಎಂದು ಅವನು ಹೇಳಿದ್ದೇ ಅದಕ್ಕೆ ಕಾರಣ. ಕೊನೆಗೆ ಅದನ್ನೂ ತರಲಿಲ್ಲ.

ಕುಂಟುನೆಪಗಳ ಹಿಂದಿನ ನಿಜ ಏನೆಂದರೆ ಸಾಯಂಕಾಲಗಳು ಬದಲಾಗಿದ್ದವು. ಅವಳು ಸ್ಟೂಲನ್ನು ತಿರುಗಿಸಿ, ಕಿಟಕಿಗೆ ಮುಖಮಾಡಿ ಕೂರತೊಡಗಿದ್ದಳು. ಅವನು ಕಿಟಕಿಯ ಹಲಗೆಯ ಮೇಲೆ ಮೊಣಕೈ ಊರಿ ಚಹಾದ ಲೋಟ ಹಿಡಿದು ಕೂರುತ್ತಿದ್ದ. ಮಾತಿಲ್ಲ. ಮಾತು ಮುಟ್ಟುವ ದೂರವಲ್ಲ ಅದು, ಕೂಗಿದರೆ ಬೀದಿಗೆಲ್ಲ ಕೇಳುತ್ತದೆ. ಅವನು ಅವತ್ತು ಸುಟ್ಟ ಬ್ರೆಡ್ಡನ್ನು ಎತ್ತಿ ತೋರಿಸುತ್ತಿದ್ದ. ಒಮ್ಮೆ ಉದ್ದದ್ದು, ಒಮ್ಮೆ ದುಂಡಗಿನದು, ಒಮ್ಮೆ ಕೆಳಗೆಲ್ಲ ಕರಿಹಿಡಿದು ಹಾಳಾದದ್ದು. ಅದನ್ನು ತೋರಿಸಿ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡ. ಇವಳು ಅವತ್ತಿನ ದವಡೆಗಳನ್ನು ಎರಡು ಕೈಯಲ್ಲಿ ಹಿಡಿದು ಕಟಕಟ ಕಚ್ಚಿಸಿ ತೋರಿಸುತ್ತಿದ್ದಳು. ಅದಕ್ಕೆ ಅವನು ಬಿದ್ದು ಬಿದ್ದು ನಗುತ್ತಿದ್ದ, ಆ ಕೈ ಬಾಯಿಗೆ ಅಡ್ಡ ಇಟ್ಟುಕೊಂಡೇ. ಹಲ್ಲಕ್ಕ ಹಿತ್ತಿಲಿಗೆ ಹೋಗುವ ಮುಂಚೆ ತಲೆ ಬಾಚಿಕೊಳ್ಳತೊಡಗಿದಳು. ಪುಡಿ ಮೆತ್ತುವ ಕೆಲಸಕ್ಕೆ ತಲೆ ಬಾಚಿಕೊಂಡು ಹೋಗುವ ಹುಚ್ಚು ಬೇರೆ ಯಾರಿಗಿದ್ದೀತು?

ಇಷ್ಟೇ ಸಾಕಿತ್ತು. ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ದವಡೆಗಳನ್ನೇ ನೋಡಿದ ಕಣ್ಣು ಬೇರೆಯದನ್ನು ನೋಡುವುದಾದರೂ ಹೇಗೆ? ಅವನು ಬ್ರೆಡ್ಡನ್ನು ಕಚ್ಚಿ ತಿನ್ನುವುದಿಲ್ಲ, ಚೂರು ಮುರಿದು ಚಹಾದಲ್ಲಿ ಅದ್ದಿ ಒಳಗಡೆಗೆ ತಳ್ಳುತ್ತಾನೆ ಎಂಬುದನ್ನು ಅವಳು ಮೊದಲ ವಾರವೇ ಗಮನಿಸಿದ್ದಳು. ಮೇಲ್ದುಟಿ ಒಳಗೆ ಕುಸಿದಿರುವುದನ್ನು ನೋಡಿದ್ದಳು. ಆ ಕೈ ಯಾಕೆ ಅಡ್ಡ ಬರುತ್ತದೆ ಎಂಬುದು ಗೊತ್ತಾಗಿತ್ತು. ಮುಂದಿನ ಮೇಲಿನ ನಾಲ್ಕು ಇಲ್ಲ, ಬಹುಶಃ ಎಡಗಡೆಯ ಕೋರೆಹಲ್ಲೂ ಇಲ್ಲ. ಅವಳಿಗೆ ಅಯ್ಯೋ ಅನಿಸಲಿಲ್ಲ, ಖುಷಿಯಾಯಿತು. ಅವನಿಗೆ ಕೊಡುವುದಕ್ಕೆ ತನ್ನ ಹತ್ತಿರ ಏನಾದರೂ ಇದೆಯಲ್ಲ ಎಂಬ ಖುಷಿ ಅದು.

ಅವಳು ಕೆಲಸಕ್ಕೆ ಕೂತಳು. ಅಚ್ಚಿಲ್ಲದೆ, ಅಳತೆಯಿಲ್ಲದೆ, ಬರೀ ಕಣ್ಣಂದಾಜಿನಲ್ಲಿ. ಕಸುಬಿನವರು ಯಾರಾದರೂ ಕೇಳಿದರೆ ನಗುತ್ತಾರೆ, ಅವಳೇ ಬೇರೆಯವರು ಮಾಡಿದ್ದರೆ ಬೈದುಬಿಡುತ್ತಿದ್ದಳು. ಮುಖದ ಅಗಲ ನೋಡಿ ಹಲ್ಲಿನ ಗಾತ್ರ ಆರಿಸಿದಳು. ಚಹಾ ಕುಡಿಯುವವನ ಹಲ್ಲು ಹಾಲಿನಷ್ಟು ಬೆಳ್ಳಗಿರಬಾರದು ಎಂದು ಒಂದು ಮಟ್ಟ ಹಳದಿಯ ಕಡೆಗಿನ ಬಣ್ಣ ತೆಗೆದಳು. ಎಲ್ಲವನ್ನೂ ನೆಟ್ಟಗೆ ಕೂರಿಸಿದರೆ ಕಟ್ಟಿಸಿದ್ದು ಎಂದು ಬೀದಿಯಾಚೆಯಿಂದಲೇ ಗೊತ್ತಾಗುತ್ತದೆ. ಅದಕ್ಕೇ ಒಂದನ್ನು ಕೂದಲೆಳೆಯಷ್ಟು ಓರೆ ಮಾಡಿದಳು. ಆ ಓರೆಗಾಗಿ ಒಂದು ಇಡೀ ಮಧ್ಯಾಹ್ನ ಕಳೆದಳು. ಗುಲಾಬಿ ಮೇಣದ ಮೇಲೆ ಕುಳಿತ ಆ ಸಾಲನ್ನು ಬೆಳಕಿಗೆ ಹಿಡಿದು ನೋಡಿದಾಗ, ಕೈ ಅಡ್ಡ ಇಲ್ಲದೆ ಅವನು ನಗುವುದು ಕಣ್ಣಿಗೆ ಕಟ್ಟಿತು. ಮದುವೆಯ ಮಾತು ಬಂದು ಬಂದು ತಿರುಗಿಹೋದ ಕಾಲದಲ್ಲೂ ಅವಳ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಚೆನ್ನಾಗಿರುವ ಸೀರೆ ಉಟ್ಟು, ಮೇಣದ ಹಲ್ಲಿನ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಬೇಕರಿಗೆ ಹೋದಳು. ಜನ ಇದ್ದರು. ಬೆಳಗಿನ ಬಿಸಿ ಬ್ರೆಡ್ಡಿಗೆ ಯಾವಾಗಲೂ ಸಾಲು ಇರುತ್ತದೆ. ಕೌಂಟರಿನ ಹೆಂಗಸು ಏನು ಬೇಕು ಎಂದಳು.

"ಒಳಗೆ ಒಲೆ ಹತ್ರ ಇರ್ತಾರಲ್ಲ, ಅವರನ್ನ ಸ್ವಲ್ಪ ಕರೀತೀರಾ? ಅವರ ಹಿಂದಿನ ಮನೆಯವಳು ಅಂತ ಹೇಳಿ."

ಅವನು ಬಂದ. ದೂರದಿಂದ ಕಂಡದ್ದಕ್ಕಿಂತ ಗಿಡ್ಡ, ಹುಬ್ಬೆಲ್ಲ ನರೆತದ್ದು, ಮೊಣಕೈವರೆಗೆ ಹಿಟ್ಟು. ಅವಳನ್ನು ಕಂಡದ್ದೇ ಮುಖ ಅರಳಿತು, ಕೈ ತಾನಾಗಿ ಬಾಯಿಗೆ ಹೋಯಿತು.

"ನೀವಾ! ಸಾಯಂಕಾಲ ಅಲ್ದೆ ಬೆಳಿಗ್ಗೇನೂ ಸಿಕ್ತೀರ ಅಂತ ಗೊತ್ತಿರಲಿಲ್ಲ," ಎಂದ.

ಅವಳು ಅವನ ದನಿ ಕೇಳಿದ್ದು ಅದೇ ಮೊದಲು. ಮೆತ್ತಗಿನ ದನಿ, ಸಕಾರ ಬಂದಲ್ಲೆಲ್ಲ ಗಾಳಿ ಸೋರುತ್ತಿತ್ತು. ಆ ಸೋರುವಿಕೆಯನ್ನು ಕೇಳಿ ಬೇರೆ ಯಾರಾದರೂ ಆಗಿದ್ದರೆ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಹಲ್ಲಕ್ಕನಿಗೆ ತನ್ನ ಅಂದಾಜು ಸರಿಯಾಯಿತಲ್ಲ ಎಂಬ ಸಂಭ್ರಮ. ಕರವಸ್ತ್ರ ಬಿಚ್ಚಿ, ಡಬ್ಬಿಯ ಮುಚ್ಚಳ ತೆಗೆದು, ಕೌಂಟರಿನ ಗಾಜಿನ ಮೇಲೆ ಎಲ್ಲರ ಎದುರಿಗೆ ಇಟ್ಟುಬಿಟ್ಟಳು.

"ಮುಂದಿನ ಮೇಲಿನ ನಾಲ್ಕು ಇಲ್ಲ ಅಲ್ವಾ ನಿಮಗೆ? ನಾನು ಅಲ್ಲಿಂದ್ಲೇ ನೋಡಿದೀನಿ. ಇದು ಬರೀ ಮೇಣ, ಅಚ್ಚು ತೆಗೆದ ಮೇಲೆ ಗಟ್ಟಿಯಾಗಿ ಮಾಡ್ಕೊಡ್ತೀನಿ. ಹಾಕ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ. ಎಲ್ಲಿ, ಕೈ ತೆಗೀರಿ, ಬಾಯಿ ಒಂದ್ಸಲ ತೆಗೀರಿ, ಅಗಲ ಸರಿ ಇದೆಯಾ ನೋಡ್ತೀನಿ."

ಯಾರಿಗೂ ಗೊತ್ತಾಗಲ್ಲ ಎಂಬ ಮಾತು ಸಾಲಿನ ಕೊನೆಯವರೆಗೂ ಕೇಳಿಸಿತು. ಯಾರೋ ಕಿಸಕ್ಕೆಂದರು. ವರ್ಷಗಟ್ಟಲೆ ಅವನ ಜೊತೆ ಕೆಲಸ ಮಾಡಿದ ಕೌಂಟರಿನ ಹೆಂಗಸು ಅವತ್ತೇ ಮೊದಲ ಸಲ ನೋಡುವವಳ ಹಾಗೆ ಅವನ ಬಾಯಿಯ ಕಡೆ ನೋಡಿದಳು. ಅವನ ಕೈ ಬಾಯಿಂದ ಇಳಿಯಲಿಲ್ಲ. ಕೈಯ ಮೇಲಿನ ಕಣ್ಣು ಮಾತ್ರ ಬದಲಾಯಿತು. ಆಮೇಲೆ ತುಟಿ ಬಿಗಿಹಿಡಿದು ಕೇಳಿದ.

"ಯಾವ ಬ್ರೆಡ್ ಕೊಡ್ಲಿ?"

"ಬ್ರೆಡ್ ಅಲ್ಲ, ನಾನು ಬಂದಿದ್ದು..."

"ಉದ್ದದ್ದಾ, ದುಂಡಗಿರೋದಾ?"

ಹಲ್ಲಕ್ಕನ ಮುಖ ಹುಳ್ಳಗಾಯಿತು. "ದುಂಡಗಿರೋದು," ಎಂದಳು.

ಅವನು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ, ಅವಳ ಮುಖ ನೋಡದೆ ಕೊಟ್ಟು ಒಳಗೆ ಹೋದ. ಅವಳು ಬೀದಿಗೆ ಬಂದ ಮೇಲೆ ಒಂದು ಕೈಯಲ್ಲಿ ಮುಚ್ಚಳವಿಲ್ಲದ ಡಬ್ಬಿ, ಇನ್ನೊಂದು ಕೈಯಲ್ಲಿ ಕೈಸುಡುವ ಬ್ರೆಡ್ಡು ಹಿಡಿದು, ಯಾವ ಕಡೆ ನಡೆಯಬೇಕು ಎಂದು ತಿಳಿಯದೆ ನಿಂತಳು.

ಮೊದಲು ಬಂದದ್ದು ಸಿಟ್ಟು. ಒಳ್ಳೆಯದು ಮಾಡಲು ಹೋದವಳ ಮೇಲೆ ಇಷ್ಟು ಬಿಗುಮಾನವೇ? ಹಲ್ಲಿಲ್ಲದಿರುವುದು ಅಂಗಿಗೆ ಗುಂಡಿ ಇಲ್ಲದ ಹಾಗೆ, ಹೊಲಿದು ಹಾಕಿದರಾಯಿತು, ಇದರಲ್ಲಿ ಅವಮಾನ ಏನು ಬಂತು? ಮನೆಗೆ ಬಂದು ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದಳು. ಆದರೆ ಮೇಜಿನ ಮುಂದೆ ಕೂತಾಗ ಎದುರಿಗೆ ಅವತ್ತಿನ ಡಬ್ಬಿಗಳು ಸಾಲಾಗಿದ್ದವು. ಡಬ್ಬಿಯಲ್ಲಿ ದವಡೆ ಬರುತ್ತದೆ, ನಾಚಿಕೆ ಬರುವುದಿಲ್ಲ. ಅದನ್ನು ಜನ ಡಾಕ್ಟರ ಕುರ್ಚಿಯಲ್ಲೇ ಬಿಟ್ಟು ಬರುತ್ತಾರೋ ಅಥವಾ ಮನೆಗೇ ಹೊತ್ತುಕೊಂಡು ಹೋಗುತ್ತಾರೋ, ಇವಳಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಅವನು ಅಷ್ಟು ದೂರದ ಕಿಟಕಿಯಲ್ಲಿ ಕೂತು ನಗುತ್ತಿದ್ದದ್ದು ದೂರ ಇದೆ ಎಂಬ ಧೈರ್ಯದಿಂದ. ಅಲ್ಲಿಂದ ತಾನು ಇಡಿಯಾಗಿ ಕಾಣುತ್ತೇನೆ, ಕೊರತೆ ಕಾಣುವುದಿಲ್ಲ ಎಂದು ನಂಬಿದ್ದ. ಇವಳೋ, ತಾನು ಇಷ್ಟೂ ದಿನ ಅವನ ಕೊರತೆಯನ್ನೇ ಅಳೆಯುತ್ತಿದ್ದೆ ಎಂದು ಪೇಟೆಯ ನಡುವೆ ನಿಂತು ಹೇಳಿ ಬಂದಳು. ಇದು ಹೊಳೆದದ್ದೇ ಅವಳು ಎದ್ದು ಮೇಣದ ಸಾಲನ್ನು ಬಿಸಿನೀರಿಗೆ ಹಾಕಿ ಕರಗಿಸಿದಳು. ಹಲ್ಲುಗಳನ್ನು ಆರಿಸಿ ತೆಗೆದು, ಒರೆಸಿ, ಅವುಗಳ ಪೆಟ್ಟಿಗೆಯಲ್ಲಿ ಇಟ್ಟಳು.

ಅವತ್ತು ಸಾಯಂಕಾಲ ಕಿಟಕಿ ಮುಚ್ಚಿತ್ತು. ಮರುದಿನ ಒಳಗಡೆಯಿಂದ ರಟ್ಟು ಹಚ್ಚಿದ್ದು ಕಂಡಿತು. ಆ ಊರಿನ ಬೇಸಿಗೆಯಲ್ಲಿ ಸಂಜೆಯಾದ ಮೇಲೆ ಬೀಸುವ ಗಾಳಿಯೊಂದೇ ಪುಣ್ಯ. ಆ ಮಹಡಿಗೆ ಗಾಳಿ ಬರುವ ದಾರಿ ಅದೊಂದೇ ಕಿಟಕಿ. ಬೆಳಗಿನವರೆಗೆ ಒಲೆಯ ಮುಂದೆ ಬೆಂದು ಬಂದವನು ಈಗ ಹಗಲೂ ಸಂಜೆಯೂ ಇನ್ನೊಂದು ಒಲೆಯೊಳಗೆ ಕೂತಿದ್ದಾನೆ, ಅದೂ ತನ್ನ ದೆಸೆಯಿಂದ. ಹೋಗಿ ತಪ್ಪಾಯಿತು ಎನ್ನೋಣವೆಂದರೆ, ಯಾವುದಕ್ಕೆ ತಪ್ಪಾಯಿತು ಎನ್ನುವುದು? ಮತ್ತೆ ಹಲ್ಲಿನ ಮಾತೇ ಎತ್ತಬೇಕು, ಮತ್ತೆ ಅವನ ಕೈ ಬಾಯಿಗೆ ಹೋಗಬೇಕು. ಸಾಯಂಕಾಲ ಹಿತ್ತಿಲಿಗೆ ಹೋಗಿ ಕೆಲಸ ಮಾಡಿದಳು. ಮುಚ್ಚಿದ ಕಿಟಕಿಯ ಎದುರು ಬಾಚಿದ ತಲೆ ಹೊತ್ತು ಕೂರುವುದು ಅಮ್ಮ ಹೋದ ಮೇಲಿನ ಯಾವ ಸಂಜೆಗಿಂತಲೂ ಕೆಟ್ಟದಾಗಿತ್ತು. ಆಗ ಯಾರೂ ಇರಲಿಲ್ಲ. ಈಗ ಒಬ್ಬ ಇದ್ದಾನೆ, ಅವಳಿಗೆ ಹೆದರಿ ಒಳಗೆ ಕೂತಿದ್ದಾನೆ.

ತಂಗಿಯ ಫೋನು ಬಂತು.

"ಏನು, ಮರ ನೆಟ್ಯೋ ಇಲ್ವೋ? ತಿಂಗಳುಗಟ್ಲೆ ಮರ ಆರಿಸೋರನ್ನ ನಾನು ಎಲ್ಲೂ ನೋಡಿಲ್ಲ."

"ಅವರು ಕಿಟಕಿ ಮುಚ್ಚಿದಾರೆ. ರಟ್ಟು ಹಚ್ಚಿದಾರೆ."

"ಅಯ್ಯೋ, ಒಳ್ಳೇದೇ ಆಯ್ತಲ್ಲ! ಇನ್ನು ಮರಾನೇ ಬೇಡ ಬಿಡು. ಖರ್ಚು ಉಳೀತು."

ಹಲ್ಲಕ್ಕ ಫೋನಿಟ್ಟು ಬಂದು ಹಿತ್ತಿಲಿನ ಬಾಗಿಲಲ್ಲಿ ನಿಂತಳು. ತಂಗಿ ಹೇಳಿದ್ದು ಸರಿ. ಮರ ನೆಡದೆ ಹೀಗೇ ಬಿಟ್ಟರೆ ಅವಳ ಕಣ್ಣಿಗೆ ಆ ಕಿಟಕಿ ಕಾಣುತ್ತಿರುತ್ತದೆ, ಎಂದಾದರೊಂದು ದಿನ ಅವನ ಮುನಿಸು ಇಳಿದು ತೆರೆದೀತು ಎಂದು ಕಾಯುತ್ತ ಕೂರಬಹುದು. ಮರ ನೆಟ್ಟರೆ ಅವನು ತೆರೆಯುತ್ತಾನೆ, ಆದರೆ ಇವಳಿಗೆ ಕಾಣುವುದಿಲ್ಲ. ಕಾಯುವ ಆಸೆ ಎಷ್ಟಿತ್ತೆಂದರೆ ಅವಳು ಎರಡು ದಿನ ನರ್ಸರಿಯ ದಾರಿಯನ್ನೇ ಹಿಡಿಯಲಿಲ್ಲ. ಮೂರನೆಯ ದಿನ ಬಿಸಿಗಾಳಿ ಬೀಸಿತು. ಮನೆಯೊಳಗಿನ ಮೇಣ ಮೇಜಿನ ಮೇಲೆಯೇ ಮೆತ್ತಗಾಗಿ ಕೂತಿತು. ಅವಳು ತಲೆ ಎತ್ತಿ ಆ ರಟ್ಟನ್ನು ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ನರ್ಸರಿಯವನು ಅವಳನ್ನು ಕಂಡು ಮುಖ ಚಿಕ್ಕದು ಮಾಡಿಕೊಂಡ. "ಬನ್ನಿ ಅಕ್ಕಾ. ಇವತ್ತು ಯಾವುದನ್ನ ಬೇಡ ಅಂತೀರ?"

"ಎಲ್ಲಕ್ಕಿಂತ ದಟ್ಟವಾಗಿರೋದು ಯಾವುದು? ಒಂದು ಚೂರೂ ಸಂದು ಬಿಡಬಾರದು. ಬೇಗ ಬೆಳೀಬೇಕು."

"ಅದು ಕಣಗಿಲೆ. ಆದ್ರೆ ವಿಷ ಅಂತ ನೀವೇ..."

"ಇರ್ಲಿ. ಅದನ್ನೇ ಕೊಡಿ."

ಅವನು ಅವತ್ತೇ ಸಂಜೆಯ ಮುಂಚೆ ಗಿಡಗಳನ್ನು ತಂದ. ಒಂದಲ್ಲ, ಒತ್ತಾಗಿ ಬೆಳೆಯಲಿ ಎಂದು ಮೂರು. ಜಲ್ಲಿ ಸರಿಸಿ, ಗುಂಡಿ ತೋಡಿ, ನೀರು ಆಳಕ್ಕೆ ಇಳಿಯುವವರೆಗೆ ಸುರಿದು, ಮತ್ತೆ ತೋಡಿದ. ಗಿಡಗಳು ಅವನ ಸೊಂಟದೆತ್ತರ ಇದ್ದವು. ನೆಟ್ಟು ಮುಗಿಸಿ, ಕೈ ಝಾಡಿಸಿಕೊಂಡು, ಗಿಡದ ತುದಿಯಿಂದ ಮಹಡಿಯ ಕಿಟಕಿಯವರೆಗೆ ಕಣ್ಣಿನಲ್ಲೇ ಅಳೆದ.

"ಆ ಕಿಟಕಿ ಪೂರ್ತಿ ಮರೆಯಾಗೋಕೆ ಎರಡು ಬೇಸಿಗೆನಾದ್ರೂ ಬೇಕು. ಅಲ್ಲೀವರೆಗೂ ಅವರಿಗೆ ನೀವು ಕಾಣ್ತಾನೇ ಇರ್ತೀರ, ನಿಮಗೆ ಅವರು. ಏನೂ ಮಾಡೋಕಾಗಲ್ಲ."

ಹಲ್ಲಕ್ಕ ಗಿಡದ ಎಲೆಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ನಿಂತಿದ್ದಳು. ಎಲೆ ದಪ್ಪವಾಗಿತ್ತು, ಅದರಾಚೆ ಏನೂ ಕಾಣಿಸುವಂತಿರಲಿಲ್ಲ.

"ನನಗೊಂದು ಉಪಕಾರ ಮಾಡ್ತೀರಾ? ಹೋಗ್ತಾ ಆ ಮನೆ ಮಹಡಿ ಹತ್ತಿ, ಅವರಿಗೊಂದು ಮಾತು ಹೇಳಿ ಹೋಗಿ."

"ಏನಂತ?"

"ಗೋಡೆ ಹತ್ರ ಕಣಗಿಲೆ ನೆಟ್ಟಾಗಿದೆ ಅಂತ ಹೇಳಿ. ದಟ್ಟವಾಗಿ ಬೆಳೆಯತ್ತೆ ಅಂತ ಹೇಳಿ." ಅವಳು ಎಲೆಯನ್ನು ಬಿಟ್ಟಳು. "ಅದು ಬೆಳೆಯೋವರೆಗೂ ಸಾಯಂಕಾಲದ ಹೊತ್ತು ನಾನು ಹಿತ್ತಿಲಿಗೆ ಬರಲ್ಲ ಅಂತ ಹೇಳಿ. ನೀರು ಹಾಕೋದಿದ್ರೂ ಬೆಳಿಗ್ಗೆ, ಅವರು ಕೆಲಸಕ್ಕೆ ಹೋದಾಗ ಹಾಕ್ತೀನಿ. ಕಿಟಕಿ ತೆಗೀಬಹುದು ಅಂತ ಹೇಳಿ."

ಇಷ್ಟು ದಿನ ಒಂದು ಮಾತಿಗೆ ಹತ್ತು ಮಾತಾಡಿದ ಮನುಷ್ಯ ಬರೀ ತಲೆಯಾಡಿಸಿದ. ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋದ.

ಬಿಸಿಲು ಇಳಿಯಿತು. ಹಲ್ಲಕ್ಕ ಹಿತ್ತಿಲಿನ ಬಾಗಿಲಿಗೆ ಚಿಲಕ ಹಾಕಿ, ಸ್ಟೂಲನ್ನು ಅಡುಗೆಮನೆಯ ನಡುವೆ ಹಾಕಿಕೊಂಡಳು. ಪಾತ್ರೆಗಳ ಮೇಲೆಲ್ಲ ಹಳೆಯ ಸೀರೆ ಹೊದಿಸಿದಳು. ದವಡೆಯೊಂದನ್ನು ಕೈಗೆತ್ತಿಕೊಂಡು ಅಂಚು ಕೆರೆಯತೊಡಗಿದಳು. ಪುಡಿ ಎದ್ದು ಮೂಗಿಗೆ, ಬಾಯಿಗೆ ಹೋಗಿ ಕೆಮ್ಮು ಬಂತು. ಕೆಮ್ಮು ನಿಂತಾಗ ಹಿತ್ತಿಲಿನ ಆಚೆಯಿಂದ ರಟ್ಟು ಹರಿಯುವ ಸದ್ದು ಕೇಳಿಸಿತು. ಆಮೇಲೆ ಕಿಟಕಿಯ ಒಂದು ಬಾಗಿಲು ತೆರೆಯಿತು, ಸ್ವಲ್ಪ ತಡೆದು ಇನ್ನೊಂದೂ ತೆರೆಯಿತು.

ಅವಳು ಉಳಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಚಿಲಕ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಈಗ ಬಾಗಿಲು ತೆಗೆದರೆ ಅವನು ಕಾಣುತ್ತಾನೆ, ಹಲಗೆಯ ಮೇಲೆ ಮೊಣಕೈ ಊರಿಕೊಂಡು ಗಾಳಿಗೆ ಮುಖ ಕೊಟ್ಟು ಕೂತಿರುತ್ತಾನೆ, ಕೆಳಗೆ ಯಾರೂ ಇಲ್ಲ ಎಂದು ಬಾಯಿಗೆ ಕೈ ಅಡ್ಡ ಇಟ್ಟಿರುವುದಿಲ್ಲ. ಕಿಟಕಿ ಮತ್ತೆ ಮುಚ್ಚುವ ಸದ್ದು ಬರುತ್ತದೇನೋ ಎಂದು ಅವಳು ತುಂಬ ಹೊತ್ತು ಕಿವಿಗೊಟ್ಟಳು. ಬರಲಿಲ್ಲ. ಹಲ್ಲಕ್ಕ ಕೈಯಲ್ಲಿದ್ದ ದವಡೆಯನ್ನು ತಿರುಗಿಸಿ ಇನ್ನೊಂದು ಅಂಚು ಕೆರೆಯತೊಡಗಿದಳು.